ಎಡಗೈ ರೈಫಲ್

ಸೆಪ್ಟೆಂಬರ್ ೧೫, ೨೦೨೪, ಭಾನುವಾರ

ಬಿ.ಪಿ. ಮಾತ್ರೆಯ ಜೊತೆಗೆ ದಿನಚರಿಯನ್ನೂ ಬರೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಮನಸ್ಸಿನಲ್ಲಿ ಇದ್ದದ್ದೆಲ್ಲ ಹೊರಗೆ ಹೋಗಬೇಕಂತೆ. ನನ್ನ ಮನಸ್ಸಿನಲ್ಲಿ ಇರುವುದು ಒಂದೇ ವಿಷಯ. ಕಲ್ಯಾಣ ಸ್ಟೇಷನ್ನಿನ ಹತ್ತಿರ ನಾನು ಮ್ಯಾನೇಜರನಾಗಿದ್ದ ಹೋಟೆಲಿನ ಕಟ್ಟಡವನ್ನು ರೀಡೆವಲಪ್‌ಮೆಂಟ್ ಎಂದು ಕೆಡವಿ ಹಾಕಿದರು. ಈಗ ನಾನು ಡೊಂಬಿವಲಿಯ ಮನೆಯಲ್ಲಿ ಕೂತು ಫ್ಯಾನು ನೋಡುತ್ತಿದ್ದೇನೆ. ಜೀವಮಾನವಿಡೀ ಸಪ್ಲೈಯರು, ಕ್ಲೀನರು, ಭಟ್ಟರು ಎಲ್ಲರನ್ನೂ ಕೂಗಿ ಕರೆದವನಿಗೆ ಈಗ ಕರೆಯಲು ಉಳಿದವಳು ನಳಿನಾಕ್ಷಿ ಒಬ್ಬಳೇ. ಅವಳೂ ಇವತ್ತು ಬೆಳಗ್ಗೆ ಚಹಾ ತಡ ಮಾಡಿದಳು. ಹೇಳಿದೆ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಸಂಜೆ ಗಣಪತಿ ಪೆಂಡಾಲಿನ ಪಕ್ಕದ ಮೇಳಕ್ಕೆ ಹೋದೆವು. ಅಲ್ಲಿ ಬಂದೂಕಿನಿಂದ ಬಲೂನು ಒಡೆಯುವ ಅಂಗಡಿ ಇತ್ತು. ನಳಿನಾಕ್ಷಿ ಅಲ್ಲೇ ನಿಂತಳು. "ಒಂದು ಸಲ ಹೊಡೆದು ನೋಡ್ಲಾ?" ಎಂದಳು. ಐವತ್ತು ದಾಟಿದ ಹೆಂಗಸು! ಬೇಡ ಎನ್ನುವಷ್ಟರಲ್ಲಿ ಬಂದೂಕು ಅವಳ ಕೈಯಲ್ಲಿತ್ತು. ಮೇಲಿನ ಸಾಲಿನ ಬಲೂನುಗಳನ್ನೆಲ್ಲ ಪಟಪಟನೆ ಒಡೆದಳು, ಒಂದೂ ತಪ್ಪಲಿಲ್ಲ. ನೋಡಿದರೆ ಬಂದೂಕನ್ನು ಎಡಭುಜಕ್ಕೆ ಇಟ್ಟಿದ್ದಾಳೆ, ಉಲ್ಟಾ! ಸುತ್ತ ಜನ ಸೇರಿದ್ದರು, ನನಗೆ ನಾಚಿಕೆಯಾಯಿತು. "ಸರಿಯಾಗಿ ಹಿಡಿ ಮಾರಾಯ್ತಿ" ಎಂದು ಬಲಭುಜಕ್ಕೆ ಇಡಿಸಿದೆ. ಆಮೇಲೆ ಒಂದೂ ತಾಗಲಿಲ್ಲ. ಕೈ ಸೋತಿರಬೇಕು.

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನಮ್ಮ ಮೇಲಿನ ಮಹಡಿಯ ರಮಿತಾ, ಆಗಷ್ಟೇ ಬಂದವಳು. ಠಾಣೆಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಕೋಚ್ ಆಗಿದ್ದಾಳೆ. ಅಪ್ಪ ಅಮ್ಮ ಮೂಡಬಿದ್ರೆ ಕಡೆಯವರು. ಹುಡುಗಿಗೆ ನಾವು ಮಾತಾಡಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಒಡೆದ ಬಲೂನುಗಳ ಚೂರು ನೋಡಿ, "ಆಂಟಿ, ಆಪ್ ಕ್ಲಬ್ ಆಜಾವೊ" ಎಂದು ಕ್ಲಬ್ಬಿಗೆ ಕರೆದಳು. ನಾನು ನಕ್ಕೆ. ನಳಿನಾಕ್ಷಿ ನಗಲಿಲ್ಲ.

ಅಕ್ಟೋಬರ್ ೬, ಭಾನುವಾರ

ಹೋಗಿಯೇ ಬಿಟ್ಟಳು. ಒಬ್ಬಳನ್ನೇ ಹೇಗೆ ಕಳಿಸುವುದು ಎಂದು ನಾನೂ ಹೋದೆ. ಅಲ್ಲದೆ ಸಾಮಾನು ಆರಿಸುವುದೆಂದರೆ ಗಂಡಸರು ಇರಬೇಕು. ಹೋಟೆಲಿಗೆ ಗ್ರೈಂಡರಿನಿಂದ ಹಿಡಿದು ಚಮಚದವರೆಗೆ ನಾನೇ ಆರಿಸಿದವನು.

ಕ್ಲಬ್ಬಿನಲ್ಲಿ ಇರುವುದು ಏರ್ ರೈಫಲ್. ಮದ್ದಿಲ್ಲ, ಗಾಳಿಯ ಒತ್ತಡದಿಂದ ಸೀಸದ ಸಣ್ಣ ಗುಂಡು ಹಾರಿ ಹತ್ತು ಮೀಟರ್ ದೂರದ ಗುರಿಗೆ ಬಡಿಯುತ್ತದೆ. ಗುಂಡಿಗೆ ಪೆಲೆಟ್ ಎನ್ನುತ್ತಾರೆ, ಉದ್ದಿನ ಬೇಳೆಗಿಂತ ಸ್ವಲ್ಪ ದೊಡ್ಡದು. ರಮಿತಾ ಎರಡು ರೈಫಲ್ ತೋರಿಸಿದಳು, ಒಂದು ಹಳೆಯದು, ಭಾರ. ಇನ್ನೊಂದು ಹೊಸದು, ಹಗುರ. ಭಾರದ್ದೇ ಗಟ್ಟಿ ಎಂದು ನಾನು ಅದನ್ನೇ ಆರಿಸಿದೆ.

"ರೈಟ್ ಹ್ಯಾಂಡ್ ಯಾ ಲೆಫ್ಟ್, ಆಂಟಿ?" ಎಂದು ರಮಿತಾ ಕೇಳಿದಳು. ನಾನೂ ನಳಿನಾಕ್ಷಿಯೂ ಒಟ್ಟಿಗೇ "ರೈಟ್" ಎಂದೆವು. ಆಮೇಲೆ ಕಣ್ಣಿನ ಪರೀಕ್ಷೆ. ಎರಡು ಅಂಗೈಗಳ ನಡುವೆ ಸಣ್ಣ ಕಿಟಕಿ ಮಾಡಿ ಗೋಡೆಯ ಗಡಿಯಾರ ನೋಡಬೇಕು. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಗಡಿಯಾರ ಉಳಿಯುತ್ತದೋ ಆ ಕಣ್ಣಿನಿಂದ ಗುರಿ ಹಿಡಿಯಬೇಕು. ನಳಿನಾಕ್ಷಿ ನೋಡಿದ ಕೂಡಲೇ "ಬಲ" ಎಂದಳು. ಮುಗಿಯಿತು. ಇಷ್ಟು ಸಣ್ಣ ವಿಷಯಕ್ಕೂ ಪರೀಕ್ಷೆ!

ಮನೆಗೆ ಬರುವಾಗ ಮಧ್ಯಾಹ್ನ ಕಳೆದಿತ್ತು. ತಣ್ಣಗಿನ ಅನ್ನ, ನಿನ್ನೆಯ ಸಾರು. ಇದು ಹೀಗೇ ಮುಂದುವರಿದರೆ ಕಷ್ಟ.

ನವೆಂಬರ್ ೨೪, ಭಾನುವಾರ

ತಾಗುವುದಿಲ್ಲ. ಬಿಳಿ ಭಾಗದಲ್ಲೆಲ್ಲ ತೂತು, ನಡುವಿನ ಕಪ್ಪಿನಲ್ಲಿ ಅಲ್ಲೊಂದು ಇಲ್ಲೊಂದು. ಭಾರದ ರೈಫಲ್ ಬಿಟ್ಟು ಹಗುರದ್ದು ಕೊಟ್ಟರು. ಕೆನ್ನೆ ಊರುವ ಹಲಗೆ ಏರಿಸಿದರು, ಇಳಿಸಿದರು. ಭುಜಕ್ಕೆ ತಾಗುವ ಹಿಡಿಯನ್ನು ಉದ್ದ ಮಾಡಿದರು, ಗಿಡ್ಡ ಮಾಡಿದರು. ಊಹೂಂ. ನಳಿನಾಕ್ಷಿ ತಲೆಯನ್ನು ರೈಫಲಿನ ಮೇಲಿಂದ ಆಚೆಗೆ ದಾಟಿಸುತ್ತಾಳೆ. ರಮಿತಾ ಅದನ್ನು ಮತ್ತೆ ಮತ್ತೆ ನೇರ ಮಾಡಿಸುತ್ತಾಳೆ. ಮನೆಗೆ ಬಂದು ಕುತ್ತಿಗೆಗೆ ಮುಲಾಮು.

ನಾನು ಹೇಳಿದೆ, ಗುಂಡು ಸರಿ ಇಲ್ಲ ಎಂದು. ಒಂದೇ ಕಂಪನಿಯ ಉದ್ದಾದರೂ ಒಂದು ಮೂಟೆಯಲ್ಲಿ ಹಿಟ್ಟು ಉಬ್ಬುತ್ತದೆ, ಇನ್ನೊಂದರಲ್ಲಿ ಉಬ್ಬುವುದಿಲ್ಲ. ಬೇರೆ ಡಬ್ಬಿ ತೆಗೆಸಿ ನೋಡಿ ಎಂದೆ. "ಅಂಕಲ್, ಪ್ಲೀಸ್, ಆಪ್ ಬಾಹರ್ ಬೈಠೊ" ಎಂದಳು ರಮಿತಾ. ಹೊರಗೆ ಬೆಂಚಿನ ಮೇಲೆ ಕೂತೆ. ನನ್ನ ಹೋಟೆಲಿನಲ್ಲಿ ನನಗೆ ಹೀಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಜನವರಿ ೧೨, ೨೦೨೫, ಭಾನುವಾರ

"ನನ್ನಿಂದ ಆಗುದಿಲ್ಲ. ನಾಳೆಯಿಂದ ಹೋಗುದಿಲ್ಲ" ಎಂದಳು.

ರೈಲಿನಿಂದ ಇಳಿದು ಮನೆಗೆ ನಡೆಯುವಾಗ ಹೇಳಿದ್ದು. ಒಳ್ಳೆಯದಾಯಿತು, ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಅವಳು ನೇರವಾಗಿ ಅಡುಗೆಮನೆಗೆ ಹೋಗಿ ಬಂಗುಡೆ ಸಾರು ಮಾಡಿದಳು, ನನಗಿಷ್ಟ ಎಂದು. ಒಂದು ತುತ್ತೂ ರುಚಿಸಲಿಲ್ಲ. ಬಿ.ಪಿ. ಇರಬೇಕು.

ಫೆಬ್ರವರಿ ೯, ಭಾನುವಾರ

ಇವತ್ತು ಬರೆಯಲೇಬೇಕು.

ಬೆಳಗ್ಗೆ ಬೆಲ್ ಆಯಿತು. ನಾನು ಪೇಪರ್ ಓದುತ್ತಿದ್ದೆ. ನಳಿನಾಕ್ಷಿ ಬಾಗಿಲಿಗೆ ಹೋಗಿ ಕಿಂಡಿಯಲ್ಲಿ ನೋಡಿದಳು. ಗ್ಯಾಸಿನವನು. ಬಾಗಿಲು ತೆರೆದಳು. ಅಷ್ಟೇ. ಸ್ವಲ್ಪ ಹೊತ್ತಿಗೆ ಮತ್ತೆ ಬೆಲ್, ಮತ್ತೆ ಕಿಂಡಿ. ಆಗ ನನಗೆ ಏನೋ ಕಚ್ಚಿದ ಹಾಗಾಯಿತು. "ನಳಿನಾ, ಇನ್ನೊಮ್ಮೆ ನೋಡು" ಎಂದೆ. "ಯಾರೂ ಇಲ್ಲ, ಎಂತ ನೋಡುದು?" ಎಂದಳು. "ಸುಮ್ಮನೆ ನೋಡು ಮಾರಾಯ್ತಿ." ಅವಳು ನೋಡಿದಳು. ಎಡಗಣ್ಣು! ಮುಖವನ್ನೆಲ್ಲ ಸರಿಸಿ ಎಡಗಣ್ಣನ್ನೇ ಕಿಂಡಿಗೆ ತಂದು ಇಟ್ಟಿದ್ದಳು.

ನಾನು ಪೇಪರನ್ನು ಸುರುಳಿ ಸುತ್ತಿ ಕೊಟ್ಟೆ, ದುರ್ಬೀನಿನ ಹಾಗೆ ಹಿಡಿ ಎಂದೆ. ಎಡಗಣ್ಣಿಗೇ ಇಟ್ಟಳು. ಸೂಜಿಗೆ ನೂಲು ಪೋಣಿಸು ಎಂದೆ. ಅದನ್ನೂ ಎಡಗಣ್ಣಿನ ಎದುರಿಗೇ ಹಿಡಿದಳು, ನೂಲು ಎಡಗೈಯಲ್ಲಿ. ಅಡುಗೆಮನೆಗೆ ಹಿಂದೆಯೇ ಹೋಗಿ ನಿಂತೆ. ಮೀನು ಕೊಯ್ಯುವುದು ಎಡಗೈ. ದೋಸೆ ಮಗುಚುವುದು ಎಡಗೈ. ಬಡಿಸಲು ಬರುವಾಗ ಮಾತ್ರ ಸೌಟು ಬಲಗೈಗೆ ಬರುತ್ತದೆ! ಮದುವೆಯಾಗಿ ಮೂವತ್ತು ವರ್ಷ ದಾಟಿತು. ಹಿಟ್ಟು ನೋಡಿ ಯಾವ ಮೂಟೆಯ ಅಕ್ಕಿ ಎಂದು ಹೇಳುತ್ತಿದ್ದ ನನಗೆ ಇದು ಕಾಣಲಿಲ್ಲವೇ?

"ನೀನು ಎಡಗೈಯವಳಾ?" ಎಂದು ಕೇಳಿದೆ.

ಅವಳು ಕೈ ಒರೆಸಿಕೊಂಡಳು. "ಸಣ್ಣದಿರುವಾಗ ಇದ್ದದ್ದು. ಮನೆಯಲ್ಲಿ ಹೊಡೆದು ಸರಿ ಮಾಡಿದ್ರು."

"ಮತ್ತೆ ರಮಿತಾ ಕೇಳಿದಾಗ ಹೇಳಬಾರದಿತ್ತಾ? ಕಣ್ಣಿನ ಪರೀಕ್ಷೆಯಲ್ಲೂ ಬಲ ಅಂದಿಯಲ್ಲ!"

"ಯಾರು ಕೇಳಿದ್ರೂ ಬಾಯಿಗೆ ಬಲ ಅಂತಲೇ ಬರುದು. ಎಡ ಅಂದ್ರೆ ಪೆಟ್ಟು ಬೀಳ್ತದೆ ಅಂತ ಒಳಗೆ ಕೂತಿದೆ. ಮದುವೆಯಾದ ಹೊಸತರಲ್ಲಿ ನಿಮ್ಮ ಅಕ್ಕ ಸೌಟಿನಿಂದ ಹೊಡೆದದ್ದು ನೆನಪುಂಟಾ? ಎಡಗೈಯಲ್ಲಿ ಪಾಯಸ ಬಡಿಸಿದೆ ಅಂತ. ನೀವು ಅಲ್ಲೇ ಊಟಕ್ಕೆ ಕೂತಿದ್ರಿ."

ನೆನಪಿಲ್ಲ. ನಿಜವಾಗಿ ನೆನಪಿಲ್ಲ. ಊಟ ಮಾಡುತ್ತಿದ್ದಿರಬೇಕು.

ಮೇಲಿನ ಮಹಡಿಗೆ ಓಡಿ ರಮಿತಾಳನ್ನು ಎಬ್ಬಿಸಿದೆ. ಅವಳು ಹಣೆಗೆ ಹೊಡೆದುಕೊಂಡಳು. ಬಲೂನಿನ ಅಂಗಡಿಯ ಕತೆ ಹೇಳಿದಾಗ ಇನ್ನೊಮ್ಮೆ ಹೊಡೆದುಕೊಂಡಳು.

ಮಾರ್ಚ್ ೨, ಭಾನುವಾರ

ಎಡಗೈಯವರ ರೈಫಲ್ ಬೇರೆಯೇ ಇರುತ್ತದೆ. ಕೆನ್ನೆಯ ಹಲಗೆ, ಹಿಡಿ, ಗುಂಡು ತುಂಬುವ ಸನ್ನೆಕೋಲು ಎಲ್ಲವೂ ತಿರುಗಿಸಿ ಮಾಡಿದ್ದು. ಕ್ಲಬ್ಬಿನಲ್ಲಿ ಒಂದೂ ಇಲ್ಲ. ಹೊಸದು ವಿದೇಶದಿಂದ ಬರಬೇಕು, ನಮ್ಮ ಕೈಗೆಟುಕುವ ಮಾತಲ್ಲ. ನಾನು ಹಳೆಯ ಪರಿಚಯದ ಹೋಟೆಲಿನವರಿಗೆಲ್ಲ ಫೋನು ಮಾಡಿದೆ. ಕೊನೆಗೆ ತುರ್ಭೆಯಲ್ಲಿ ಹೋಟೆಲು ಇರುವ ಯಜ್ಞೇಶ್ವರ ಶೆಟ್ಟರು ಸಿಕ್ಕಿದರು. ಅವರ ಮಗಳು ಅನುಷ್ಕಾ ಎಡಗೈಯಲ್ಲಿ ಹೊಡೆಯುತ್ತಿದ್ದವಳು. ಈಗ ಪುಣೆಯಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ, ರೈಫಲ್ ಪೆಟ್ಟಿಗೆಯಲ್ಲಿದೆ.

ಶೆಟ್ಟರು ನೇರ ಮನುಷ್ಯ. "ನೋಡಿ ಲೀಲಾಧರಣ್ಣ, ಅಕ್ಟೋಬರಿನ ರಾಜ್ಯ ಪಂದ್ಯದವರೆಗೆ ಇಟ್ಟುಕೊಳ್ಳಿ. ಅತ್ತಿಗೆ ಅಲ್ಲಿ ಮುಂದಿನ ಹಂತಕ್ಕೆ ಅರ್ಹತೆ ಪಡೆದರೆ ರೈಫಲ್ ಅವರದ್ದೇ. ಇಲ್ಲದಿದ್ರೆ ನಾಸಿಕದಲ್ಲಿ ಒಂದು ಹುಡುಗಿ ಉಂಟು, ಅವಳಿಗೂ ಎಡಗೈ, ಅವಳಿಗೆ ಕೊಡ್ತೇನೆ ಅಂತ ಮಗಳು ಮಾತು ಕೊಟ್ಟಿದ್ದಾಳೆ. ಹೊಡೆಯುವವರ ಕೈಯಲ್ಲಿ ಇರಬೇಕು ಅಷ್ಟೇ." ಸರಿಯಾದ ಮಾತು. ಬೇಸರವಾಯಿತು, ಆದರೆ ಸರಿಯಾದ ಮಾತು.

ಬರುವಾಗ ಪೆಟ್ಟಿಗೆ ನಾನೇ ಹೊತ್ತೆ. ಠಾಣೆಯಿಂದ ಹತ್ತಿದ ರೈಲು ಡಬ್ಬಿಯಲ್ಲಿ ಭಜನೆಯ ತಂಡವೊಂದು ತಾಳ ಹಾಕುತ್ತ ಕೂತಿತ್ತು. "ಪೇಟಿ ಕಾ? ವಾಜವಾ ನಾ ಕಾಕಾ" ಎಂದು, ಪೆಟ್ಟಿಗೆಯಲ್ಲಿ ಹಾರ್ಮೋನಿಯಂ ಇದೆ ಎಂದುಕೊಂಡು, ಬಾರಿಸಲು ಮರಾಠಿಯಲ್ಲಿ ಹೇಳಿದರು. ಮುಂಬ್ರಾ ಗುಡ್ಡ ದಾಟುವವರೆಗೆ ನಾನು ತಾಳ ಹಾಕಿ ತಪ್ಪಿಸಿಕೊಂಡೆ.

ಸಂಜೆ ಕ್ಲಬ್ಬಿನಲ್ಲಿ ನಳಿನಾಕ್ಷಿ ಅದನ್ನು ಎಡಭುಜಕ್ಕೆ ಇಟ್ಟಳು. ಕೆನ್ನೆ ತಾನಾಗಿಯೇ ಹೋಗಿ ಕೂತಿತು. ಕುತ್ತಿಗೆ ನೇರ. ಯಾರೂ ಏನೂ ಹೇಳಿಕೊಡಲಿಲ್ಲ. ಮೊದಲ ಗುಂಡು ಕಪ್ಪಿನೊಳಗೆ. ಎರಡನೆಯದು ಅದರ ಪಕ್ಕದಲ್ಲಿ. ಅವಳು ರೈಫಲ್ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಮದುವೆಯ ಫೋಟೋದಲ್ಲೂ ಇಲ್ಲದ ನಗು.

ಕಲ್ವಾದ ರತ್ನಾವತಿ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಎಡಗೈಯಲ್ಲಾ? ಸಂಸಾರಸ್ಥರ ಮನೆಗೆ ಒಳ್ಳೆಯದಲ್ಲ ಅದು" ಎಂದು ಇಟ್ಟುಬಿಟ್ಟಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳ ಮಾತಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ. ಇವತ್ತು ಮತ್ತೆ ಫೋನು ಮಾಡಿ, "ಕೈ ಯಾವುದಾದರೇನು, ತಾಗಿತಲ್ಲ" ಎಂದೆ. ಅಕ್ಕ ಮತ್ತೆ ಫೋನು ಇಟ್ಟಳು.

ಜುಲೈ ೧೩, ಭಾನುವಾರ

ಬಹಳ ದಿನದಿಂದ ಬರೆದಿಲ್ಲ. ಪುರುಸೊತ್ತಿಲ್ಲ. ಬೆಳಗ್ಗೆ ಅವಳು ರೈಫಲ್ ಇಲ್ಲದೆ ಬರಿಗೈಯಲ್ಲಿ ನಿಲ್ಲುವ ಅಭ್ಯಾಸ ಮಾಡುತ್ತಾಳೆ, ಅಷ್ಟರಲ್ಲಿ ಚಹಾ, ಉಪ್ಪಿಟ್ಟು ಆಗಬೇಕು. ಇವತ್ತು ಉಪ್ಪು ಕಡಿಮೆಯಾಯಿತು.

ನಿಲ್ಲುವುದನ್ನು ನೋಡಬೇಕು ಅವಳದ್ದು! ಕ್ಲಬ್ಬಿನ ಎಳೆಯ ಹುಡುಗಿಯರು ಕಾಲು ಬದಲಿಸುತ್ತಾರೆ, ಮೂಗು ತುರಿಸುತ್ತಾರೆ. ಇವಳು ದಪ್ಪ ಕ್ಯಾನ್ವಾಸ್ ಕೋಟು ಹಾಕಿ ನಿಂತರೆ ನಿಂತಳು. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಂತು ನಿಂತು ಕಲಿತದ್ದಿರಬೇಕು. ಅದಕ್ಕಿಂತ ದೊಡ್ಡದು, ಸರಿ ಅನ್ನಿಸದಿದ್ದರೆ ಹೊಡೆಯುವುದಿಲ್ಲ. ಎತ್ತಿದ ರೈಫಲನ್ನು ಕೆಳಗಿಳಿಸುತ್ತಾಳೆ, ಉಸಿರು ಬಿಡುತ್ತಾಳೆ, ಮತ್ತೆ ಎತ್ತುತ್ತಾಳೆ. ನನಗಾದರೆ ಎತ್ತಿದ ಮೇಲೆ ಹೊಡೆಯದೆ ಇರಲಿಕ್ಕೆ ಆಗುತ್ತಿರಲಿಲ್ಲ. ಬಾಯಿಯ ವಿಷಯದಲ್ಲಿ ನಾನು ಹಾಗೇ ಬಾಳಿದವನು.

ಇವತ್ತು ಗುಂಡು ಆರಿಸುವ ದಿನ. ಕೊನೆಗೂ ನನ್ನ ಮಾತಿಗೆ ಬೆಲೆ ಬಂತು! ಒಂದೊಂದು ರೈಫಲಿನ ನಳಿಗೆಗೆ ಒಂದೊಂದು ಅಳತೆಯ ಪೆಲೆಟ್ ಒಗ್ಗುತ್ತದೆ. ಕೂದಲೆಳೆಯಷ್ಟು ದಪ್ಪ ಹೆಚ್ಚು ಕಡಿಮೆಯಾದರೂ ಗುಂಡು ಚದುರುತ್ತದೆ. ಒಂದೇ ಕಂಪನಿ, ಒಂದೇ ಅಳತೆ ಆದರೂ ಒಂದು ಲಾಟಿಗೂ, ಅಂದರೆ ಒಂದು ಸಲ ತಯಾರಾದ ಮಾಲಿಗೂ, ಇನ್ನೊಂದಕ್ಕೂ ವ್ಯತ್ಯಾಸ. ಉದ್ದಿನ ಮೂಟೆ ಎಂದು ನಾನು ಆವತ್ತೇ ಹೇಳಿದ್ದೆ. ರಮಿತಾ ರೈಫಲನ್ನು ಮೇಜಿನ ಶಿಕಂಜದಲ್ಲಿ, ಅಂದರೆ ಕಬ್ಬಿಣದ ಹಿಡಿಕಟ್ಟಿನಲ್ಲಿ, ಅಲ್ಲಾಡದ ಹಾಗೆ ಬಿಗಿದು ಪ್ರತಿ ಡಬ್ಬಿಯಿಂದಲೂ ಹೊಡೆದಳು. ಕೆಲವು ಡಬ್ಬಿಯ ಗುಂಡು ಕಾಗದದ ಮೇಲೆ ಎಳ್ಳು ಚೆಲ್ಲಿದ ಹಾಗೆ. ಒಂದು ಡಬ್ಬಿಯದ್ದು ಮಾತ್ರ ಎಲ್ಲವೂ ಒಂದೇ ತೂತಿನಲ್ಲಿ ಹೋಯಿತು, ಎಷ್ಟು ಹೊಡೆದರೂ ಅದೇ ತೂತು. ಆ ಲಾಟಿನ ಡಬ್ಬಿಗಳನ್ನೆಲ್ಲ ಕ್ಲಬ್ಬಿನಿಂದ ಪಡೆದು ಮನೆಗೆ ತಂದೆ. ದೇವರ ಕೋಣೆಯಲ್ಲಿ ಇಟ್ಟಿದ್ದೇನೆ. ತೇವ ತಾಗಬಾರದಂತೆ.

ಅಕ್ಟೋಬರ್ ೧, ಬುಧವಾರ, ಆಯುಧಪೂಜೆ

ಏನು ಮಾಡಿದೆ ನಾನು!

ಹೋಟೆಲಿನಲ್ಲಿ ಆಯುಧಪೂಜೆ ಎಂದರೆ ನನ್ನದೇ ಯಜಮಾನಿಕೆ. ಗ್ರೈಂಡರ್ ತೊಳೆದು, ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಮೇಲೆ ಹೂವು. ಮೂಟೆಗಳಿಗೂ ತೀರ್ಥ ಚಿಮುಕಿಸುವುದು. ಈ ವರ್ಷ ಗ್ರೈಂಡರ್ ಇಲ್ಲ, ಹೋಟೆಲೇ ಇಲ್ಲ. ಆದರೆ ಮನೆಯಲ್ಲಿ ನಿಜವಾದ ಆಯುಧ ಇದೆಯಲ್ಲ ಎಂದು ಬೆಳಗ್ಗೆಯಿಂದ ಸಂಭ್ರಮ. ನಳಿನಾಕ್ಷಿ ಮಾರ್ಕೆಟ್ಟಿಗೆ ಹೋಗಿದ್ದಳು. ಬರುವುದರೊಳಗೆ ಪೂಜೆ ಮುಗಿಸಿ ಖುಷಿಪಡಿಸೋಣ ಎಂದು ರೈಫಲಿಗೆ ತುದಿಯಿಂದ ಬುಡದವರೆಗೆ ತೆಂಗಿನೆಣ್ಣೆ ತಿಕ್ಕಿದೆ. ನಳಿಗೆಯ ಬಾಯಿಗೆ ಗಂಧ. ಗುರಿ ನೋಡುವ ಕಿಂಡಿಗೆ ಕುಂಕುಮ, ಕಣ್ಣು ಇಡುವ ಜಾಗ ಎಂದು ಸ್ವಲ್ಪ ಜಾಸ್ತಿಯೇ ಇಟ್ಟೆ. ಪೆಲೆಟ್ ಡಬ್ಬಿಗಳನ್ನೆಲ್ಲ ತೆರೆದು ಅರಿಶಿನ ಕುಂಕುಮ ಹಾಕಿ, ಧಾರಾಳವಾಗಿ ತೀರ್ಥ.

ಅವಳು ಬಂದು ಬಾಗಿಲಲ್ಲೇ ನಿಂತಳು. ಚೀಲ ಕೆಳಗಿಟ್ಟಳು. ಡಬ್ಬಿಯಿಂದ ಒಂದು ಪೆಲೆಟ್ ಎತ್ತಿ ನೋಡಿದಳು. ಕುಂಕುಮದ ಕೆಸರು ಮೆತ್ತಿತ್ತು. ಅದನ್ನು ಡಬ್ಬಿಗೇ ಹಾಕಿ ಮುಚ್ಚಿ, ರಮಿತಾಳನ್ನು ಕರೆಯಲು ಮೇಲೆ ಹೋದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ರಮಿತಾ ಬಂದು ನೋಡಿದಳು. ರೈಫಲನ್ನು ಬಿಚ್ಚಿ ಒರೆಸಿ ಸರಿ ಮಾಡಬಹುದಂತೆ. ಪೆಲೆಟ್ ಹೋಯಿತು, ಒದ್ದೆಯಾಗಿ ಪುಡಿ ಮೆತ್ತಿದ್ದನ್ನು ನಳಿಗೆಗೆ ಹಾಕುವ ಹಾಗಿಲ್ಲ, ತಿಕ್ಕಿ ತೊಳೆದರೆ ಮೆತ್ತನೆಯ ಸೀಸದ ಆಕಾರ ಕೆಡುತ್ತದೆ. ಆ ಲಾಟು ಅಂಗಡಿಯಲ್ಲಿ ಖಾಲಿ. ಪಂದ್ಯ ಮುಂದಿನ ವಾರ.

ಊಟಕ್ಕೆ ಕೂತಾಗ ನಳಿನಾಕ್ಷಿ ಬಾಯಿ ತೆರೆದಳು. "ಗ್ರೈಂಡರಿಗೆ ಮಾಡಿದ್ದನ್ನೇ ಮಾಡಿದ್ದೀರಿ. ನಿಮಗೆ ಗೊತ್ತಿದ್ದ ಪ್ರೀತಿ ಅದೇ ಅಲ್ವಾ" ಎಂದಳು. ನನಗೆ ಅಳು ಬಂತು. ಖಾರ ಜಾಸ್ತಿಯಾಯಿತು ಎಂದೆ. ಅಡುಗೆ ನಾನೇ ಮಾಡಿದ್ದು.

ಅಕ್ಟೋಬರ್ ೪, ಶನಿವಾರ

ಎರಡು ದಿನ ಠಾಣೆ, ವಾಶಿ, ಮುಂಬೈ ಎಲ್ಲ ಸುತ್ತಿದೆ. ಬೇರೆ ಬೇರೆ ಲಾಟಿನ ಡಬ್ಬಿ ಒಂದೊಂದು ತಂದೆ. ಕ್ಲಬ್ಬಿನಲ್ಲಿ ಮತ್ತೆ ಶಿಕಂಜ, ಮತ್ತೆ ಪರೀಕ್ಷೆ. ಡಬ್ಬಿಗಳ ಚೀಟಿಗೆಲ್ಲ ಕಾಗದ ಅಂಟಿಸಿ ಮುಚ್ಚಿದ್ದು ನಾನೇ. ಹೋಟೆಲಿಗೆ ಅಕ್ಕಿ ಕೊಳ್ಳುವಾಗಲೂ ಹಾಗೆಯೇ ಮಾಡುತ್ತಿದ್ದೆ; ಹೆಸರು ಕಂಡರೆ ನಾಲಗೆ ಹೆಸರಿನ ಕಡೆಗೇ ವಾಲುತ್ತದೆ. ಈ ಸಲ ರಮಿತಾ ಹೊರಗೆ ಕೂರಿ ಎನ್ನಲಿಲ್ಲ. "ಗುಡ್ ಐಡಿಯಾ, ಅಂಕಲ್" ಎಂದಳು.

ಎರಡು ಡಬ್ಬಿ ಉಳಿದವು. ಶಿಕಂಜದಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ. ರಮಿತಾ ನಳಿನಾಕ್ಷಿಯ ಮುಖ ನೋಡಿದಳು. ನಳಿನಾಕ್ಷಿ ರೈಫಲನ್ನು ಶಿಕಂಜದಿಂದ ಬಿಡಿಸಿ ಎಡಭುಜಕ್ಕೆ ಇಟ್ಟು ಎರಡರಿಂದಲೂ ಹೊಡೆದಳು. ಆಮೇಲೆ ಒಂದನ್ನು ತೋರಿಸಿದಳು. "ಇದು. ತುಂಬುವಾಗಲೇ ಗೊತ್ತಾಗ್ತದೆ, ಮೆತ್ತಗೆ ಕೂರ್ತದೆ" ಎಂದಳು.

ಯಾರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಅವಳು ಇಷ್ಟು ಖಡಾಖಂಡಿತವಾಗಿ ಮಾತಾಡಿದ್ದನ್ನು ಕೇಳಿ ಖುಷಿಯಾಯಿತು. ಅಂಟಿಸಿದ ಕಾಗದ ಬಿಚ್ಚಿ ನೋಡಿದರೆ ಆ ಡಬ್ಬಿ ಎಲ್ಲಕ್ಕಿಂತ ಸಾಮಾನ್ಯ ಹೆಸರಿನದ್ದು.

ಅಕ್ಟೋಬರ್ ೧೨, ಭಾನುವಾರ

ನವಿ ಮುಂಬೈಯಲ್ಲಿ ಪಂದ್ಯ. ಹಿರಿಯ ಮಹಿಳೆಯರ ವಿಭಾಗಕ್ಕೆ ನಲವತ್ತು ಗುಂಡು, ಒಂದೊಂದಕ್ಕೆ ಹೆಚ್ಚೆಂದರೆ ಹತ್ತು ಅಂಕ. ಅರ್ಹತೆಗೆ ಮುನ್ನೂರ ಅರವತ್ತು ಬೇಕು. ಅಷ್ಟು ಬಂದರೆ ರೈಫಲ್ ನಮ್ಮ ಮನೆಗೆ, ಬಾರದಿದ್ದರೆ ನಾಸಿಕಕ್ಕೆ. ಶೆಟ್ಟರೂ ಬಂದಿದ್ದರು, ಪೆಟ್ಟಿಗೆ ಒಯ್ಯಲು ಕಾರಿನಲ್ಲಿ ಜಾಗ ಮಾಡಿಕೊಂಡೇ. ನನ್ನ ಕಣ್ಣು ಆ ಕಾರಿನ ಮೇಲೆಯೇ ಇತ್ತು.

ಸಾಲಿನಲ್ಲಿ ಎಲ್ಲರೂ ಒಂದು ಕಡೆಗೆ ಮುಖ ಮಾಡಿ ನಿಂತಿದ್ದರೆ ನಳಿನಾಕ್ಷಿ ಒಬ್ಬಳೇ ಇನ್ನೊಂದು ಕಡೆಗೆ. ಪಕ್ಕದವಳಿಗೂ ಇವಳಿಗೂ ಮುಖಾಮುಖಿ. ಪಾಪ, ಆ ಹೆಂಗಸು ಎರಡು ಸಲ ಇವಳನ್ನೇ ನೋಡಿ ಗಲಿಬಿಲಿಗೊಂಡಳು.

ಶುರುವಿನಲ್ಲಿ ಎಂಟು, ಮತ್ತೆ ಎಂಟು, ಆಮೇಲೆ ಏಳು. ನನ್ನ ತೆಂಗಿನೆಣ್ಣೆ ಇನ್ನೂ ಎಲ್ಲೋ ಉಳಿದಿದೆ ಎಂದೇ ಅನ್ನಿಸಿತು. ನಳಿನಾಕ್ಷಿ ರೈಫಲನ್ನು ಸ್ಟ್ಯಾಂಡಿನ ಮೇಲಿಟ್ಟು ಸೊಂಟಕ್ಕೆ ಕೈ ಇಟ್ಟು ಸುಮ್ಮನೆ ನಿಂತಳು. ಆ ನಿಲುವು ನನಗೆ ಗೊತ್ತು. ಹೇಳದೆ ಕೇಳದೆ ಮನೆ ತುಂಬ ನೆಂಟರು ಬಂದಾಗ ಒಲೆಯ ಮುಂದೆ ಹಾಗೆ ನಿಲ್ಲುತ್ತಾಳೆ. ಆಮೇಲೆ ಯಾರಿಗೂ ಊಟ ಕಡಿಮೆಯಾದದ್ದಿಲ್ಲ. ಈಗಲೂ ಹಾಗೆಯೇ ಆಯಿತು. ಒಂಬತ್ತು, ಹತ್ತು, ಒಂಬತ್ತು, ಒಂಬತ್ತು, ನಡುವೆ ಅಲ್ಲೊಂದು ಇಲ್ಲೊಂದು ಎಂಟು. ಬೋರ್ಡಿನ ಮೇಲೆ ಅಂಕ ಏರುತ್ತ ಹೋಯಿತು. ನಾನು ಕುರ್ಚಿಯ ಕೈ ಬಿಡಲಿಲ್ಲ.

ಕೊನೆಯ ಗುಂಡಿಗೆ ಒಂಬತ್ತು ಬೇಕಿತ್ತು. ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಸಮಯ ಮುಗಿಯುತ್ತಾ ಬಂದಿತ್ತು, ಉಳಿದವರೆಲ್ಲ ಕೋಟು ಬಿಚ್ಚುತ್ತಿದ್ದರು. ಹೊಡಿ ಮಾರಾಯ್ತಿ ಎಂದು ಬಾಯಿಯವರೆಗೆ ಬಂತು. ಹೇಳಲಿಲ್ಲ. ದೇವರಾಣೆ ಹೇಳಲಿಲ್ಲ! ಮೂರನೆಯ ಸಲ ಎತ್ತಿದಳು. ಒಂಬತ್ತು. ಹತ್ತಲ್ಲ, ಒಂಬತ್ತೇ. ಎಷ್ಟು ಬೇಕೋ ಅಷ್ಟೇ ಬೇಯಿಸುವವಳು ಅವಳು.

ರಮಿತಾ ಅವಳನ್ನು ತಬ್ಬಿಕೊಂಡು ಅತ್ತಳು. ಮೈಕಿನಲ್ಲಿ "ನಳಿನಾಕ್ಷಿ ಲೀಲಾಧರ" ಎಂದು ಹೆಸರು ಹೇಳಿದರು. ನನ್ನ ಹೆಸರು ಅವಳ ಹೆಸರಿನ ಹಿಂದೆ ಬಂದದ್ದನ್ನು ಮೊದಲ ಸಲ ಮೈಕಿನಲ್ಲಿ ಕೇಳಿದೆ. ಚೆನ್ನಾಗಿತ್ತು. ಶೆಟ್ಟರು ಕಾರಿನ ಡಿಕ್ಕಿ ಮುಚ್ಚಿ, "ರೈಫಲ್ ನಿಮ್ಮದು ಅತ್ತಿಗೆ" ಎಂದು ಕೈಮುಗಿದರು. ನಾಸಿಕದ ಹುಡುಗಿಗೆ ಬೇರೆ ಒಂದು ಹುಡುಕಿ ಕೊಡಬೇಕು ಎಂದು ನಳಿನಾಕ್ಷಿ ಅಲ್ಲೇ ಹೇಳಿದಳು. ನಾಳೆಯಿಂದ ನಾನು ಫೋನು ಹಿಡಿಯುತ್ತೇನೆ.

ಅಕ್ಟೋಬರ್ ೨೨, ಬುಧವಾರ, ಪಾಡ್ಯ

ದೀಪಾವಳಿಯ ಊಟಕ್ಕೆ ರತ್ನಾವತಿ ಅಕ್ಕ ಬಂದಿದ್ದಳು. ಪಲ್ಯ, ಸಾಂಬಾರು ನನ್ನದು, ಪಾಯಸ ನಳಿನಾಕ್ಷಿಯದ್ದು. ಎಲೆ ಹಾಕಿ ಕೂತೆವು. ನಳಿನಾಕ್ಷಿ ಪಾಯಸದ ಪಾತ್ರೆ ತಂದಳು. ಸೌಟು ಎಡಗೈಯಲ್ಲಿತ್ತು. ಮರೆತಳೋ, ಬೇಕೆಂದೇ ಮಾಡಿದಳೋ, ನಾನು ಕೇಳಿಲ್ಲ.

ಅಕ್ಕನ ಮುಖ ಬಿಗಿಯಿತು. ಸೌಟು ಅವಳ ಲೋಟದ ಹತ್ತಿರ ಗಾಳಿಯಲ್ಲೇ ನಿಂತಿತು. ನಾನು ನನ್ನ ಲೋಟ ಮುಂದೆ ಹಿಡಿದೆ. "ನನಗೆ ಬಡಿಸು ಮೊದಲು" ಎಂದೆ. ಬಡಿಸಿದಳು. ಕುಡಿದೆ.

ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲಿಗೆ ಹತ್ತಿರ ಕೂತವಳು ಅಕ್ಕ. ಸಿಟ್ಟಿನಿಂದ ಏಳಲು ನೆಪ ಸಿಕ್ಕಿತು ಎನ್ನುವ ಹಾಗೆ ಎದ್ದು ಹೋಗಿ ಕಿಂಡಿಯಲ್ಲಿ ನೋಡಿದಳು. ಎಡಗಣ್ಣು! ಮುಖವನ್ನು ಸರಿಸಿ ಎಡಗಣ್ಣನ್ನೇ ಕಿಂಡಿಗೆ ಇಟ್ಟಿದ್ದಳು. ನಾನು ನಳಿನಾಕ್ಷಿಯನ್ನು ನೋಡಿದೆ, ಅವಳು ನನ್ನನ್ನು ನೋಡಿದಳು.

ಬಂದದ್ದು ರಮಿತಾ, ಮನೆಯಿಂದ ಚಕ್ಕುಲಿ ತಂದಿದ್ದಳು. ಅವಳೂ ಕೂತಳು. ಅಕ್ಕ ವಾಪಸು ಬಂದು ಕೂರುವವರೆಗೆ ನಳಿನಾಕ್ಷಿ ಕಾದು, ಮೆತ್ತಗೆ ಕೇಳಿದಳು. "ಅಕ್ಕ, ನಿಮಗೂ ಎಡವಾ?"

ಅಕ್ಕ ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ಇದ್ದದ್ದು ಅದೇ ಕೈ. ಅಮ್ಮ ಸೆರಗಿನಲ್ಲಿ ಕಟ್ಟಿ ಊಟಕ್ಕೆ ಕೂರಿಸ್ತಿದ್ರು. ಬಿಚ್ಚಿಕೊಂಡ್ರೆ ಬಿಸಿ ಸೌಟು. ಇವನಿಗೆ ಗೊತ್ತಿಲ್ಲ, ಇವನಿನ್ನೂ ತೊಟ್ಟಿಲಲ್ಲಿದ್ದ."

"ಮತ್ತೆ ನನಗೆ ಯಾಕೆ ಹೊಡೆದ್ರಿ?"

"ನನಗೆ ಬಿದ್ದದ್ದಕ್ಕಿಂತ ಮೆತ್ತಗೆ ಹೊಡೆದೆ ಅಂತಲೇ ನಾನು ಎಣಿಸಿದ್ದೆ ಮಗಾ" ಎಂದಳು ಅಕ್ಕ.

ನಳಿನಾಕ್ಷಿ ಎಡಗೈಯಿಂದಲೇ ಅಕ್ಕನ ಲೋಟಕ್ಕೆ ಪಾಯಸ ಬಡಿಸಿದಳು. ಅಕ್ಕ ಬಲಗೈ ಚಾಚಿದಳು, ಅರ್ಧಕ್ಕೆ ನಿಲ್ಲಿಸಿದಳು. ಸೆರಗಿನೊಳಗಿದ್ದ ಎಡಗೈ ನಿಧಾನಕ್ಕೆ ಹೊರಗೆ ಬಂತು. ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಗುರುತು. ಅದೇ ಕೈಯಲ್ಲಿ ಲೋಟ ಎತ್ತಿ ಕುಡಿದಳು, ಒಂದು ಹನಿಯೂ ಚೆಲ್ಲಲಿಲ್ಲ.

"ಇನ್ನು ಉಂಟಾ?" ಎಂದು ಕೇಳಿದಳು. ನಾನು ಎದ್ದು ಹೋಗಿ ಪಾತ್ರೆ ತಂದೆ.